ಸ್ಪಷ್ಟನೆ: ಅಮೆರಿಕದಲ್ಲೂ ಬಂದೂಕು ನೇರ ಮನೆಗೆ ಬರುವುದಿಲ್ಲ

‘ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಬುಕ್ ಮಾಡಿದರೆ ಬಂದೂಕು ಮನೆ ಬಾಗಿಲಿಗೇ ಬರುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. 1968ರ ಗನ್ ಕಂಟ್ರೋಲ್ ಆ್ಯಕ್ಟ್ ಪ್ರಕಾರ, ಬೇರೆ ರಾಜ್ಯದ ಮಾರಾಟಗಾರ ಬಂದೂಕನ್ನು ಗ್ರಾಹಕನ ರಾಜ್ಯದ ಪರವಾನಗಿದಾರ ಡೀಲರ್‌ಗೆ ಕಳಿಸಬೇಕು. ಗ್ರಾಹಕ ಆ ಅಂಗಡಿಗೆ ಹೋಗಿ, ಗುರುತಿನ ಚೀಟಿ ತೋರಿಸಿ, ಫಾರ್ಮ್ 4473 (ಬಂದೂಕು ಖರೀದಿಯ ಫೆಡರಲ್ ಅರ್ಜಿ) ತುಂಬಬೇಕು. ಬಳಿಕ ಹಿನ್ನೆಲೆ ತಪಾಸಣೆ. ಕ್ಯಾಲಿಫೋರ್ನಿಯಾದಲ್ಲಿ ಇದರ ಜೊತೆಗೆ 10 ದಿನ ಕಾಯಬೇಕು. 1898 ಅಥವಾ ಅದಕ್ಕೂ ಮುಂಚೆ ತಯಾರಾದ ಪುರಾತನ ಬಂದೂಕುಗಳಿಗೆ ಫೆಡರಲ್ ವಿನಾಯಿತಿ ಇದೆ. ಸಂದೇಶ ಹುಟ್ಟಿದ್ದು ಬಹುಶಃ ಅಲ್ಲಿಂದ.

‘ಆನ್‌ಲೈನ್ ಸೈಟ್ ಒಂದು ರಾಜ್ಯಕ್ಕೆ ವಸ್ತು ಕಳಿಸಲ್ಲ ಎಂದರೆ ಅದು ಆ ರಾಜ್ಯದಲ್ಲಿ ನಿಷೇಧ’ ಎಂಬ ಇನ್ನೊಂದು ಮಾತೂ ಪೂರ್ತಿ ಸರಿಯಲ್ಲ. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ: ಮ್ಯಾಗಜಿನ್ (ಬಂದೂಕಿಗೆ ಗುಂಡು ತುಂಬುವ ಡಬ್ಬಿ) ಮಿತಿ ನ್ಯೂಜೆರ್ಸಿಯಲ್ಲಿ 10 ಗುಂಡು, ಕೊಲರಾಡೋದಲ್ಲಿ 15. ಇಲಿನಾಯ್‌ಗೆ ಗುಂಡು ತರಿಸಲು ಅಲ್ಲಿನ ನಿವಾಸಿ ಫೊಯ್ಡ್ ಕಾರ್ಡಿನ (ರಾಜ್ಯ ಕೊಡುವ ಬಂದೂಕು ಮಾಲೀಕರ ಗುರುತಿನ ಚೀಟಿ) ಪ್ರತಿ ಕೊಡಬೇಕು. ಇದರ ಮೇಲೆ ಷಿಕಾಗೋದಂಥ ನಗರಗಳ ಸ್ವಂತ ನಿಯಮಗಳು ಬೇರೆ. ಪ್ರತಿ ವಿಳಾಸಕ್ಕೂ ಇಷ್ಟೆಲ್ಲ ಪರಿಶೀಲಿಸುವ ಬದಲು ಕೆಲವು ಕಂಪನಿಗಳು ಇಡೀ ರಾಜ್ಯದ ಪಿನ್‌ಕೋಡ್‌ಗಳನ್ನೇ ಬ್ಲಾಕ್ ಮಾಡುತ್ತವೆ. ಹಾಗಾಗಿ ಕಾನೂನುಬದ್ಧ ವಸ್ತುವಿನ ಆರ್ಡರೂ ರದ್ದಾಗಬಹುದು. ಹಣ ಕಟ್ಟುವ ಮುನ್ನ ಸ್ಥಳೀಯ ಡೀಲರ್‌ಗೆ ಫೋನ್ ಮಾಡಿ, ಆ ಬಂದೂಕಿನ ಮಾದರಿಯನ್ನು ಸ್ವೀಕರಿಸುತ್ತಾರೆಯೇ, ಶುಲ್ಕ ಎಷ್ಟು ಎಂದು ಕೇಳಿಕೊಳ್ಳಬೇಕು.