ವಿಟಮಿನ್ ಡಿ ಓಟ

ಮಂಗಳೂರಿನ ದಕ್ಕೆ, ಅಂದರೆ ಮೀನುಗಾರಿಕೆ ಬಂದರಿನ ಬದಿಯಲ್ಲಿ ಮೊನ್ನೆ ಭಾನುವಾರ ನಡೆದ ಆರೋಗ್ಯ ಓಟದ ಫೋಟೊಗಳನ್ನು ನೀವೂ ನೋಡಿರುತ್ತೀರಿ. ಬ್ಯಾನರ್‌ನಲ್ಲಿ ಇದ್ದದ್ದು ಬೆಳಿಗ್ಗೆ 6 ಗಂಟೆ. ಬಾವುಟ ಹಾರಿದ್ದು 10 ದಾಟಿದ ಮೇಲೆ. ತಡ ಅಂತ ಬೈಯಬೇಡಿ, ಉಚಿತ ವಿಟಮಿನ್ ಡಿ ಅಂದುಕೊಳ್ಳಿ.

ಏಪ್ರಿಲ್ ಸೆಕೆಗೆ ನಮ್ಮೂರಲ್ಲಿ ನಿಂತಲ್ಲೇ ಬನಿಯನ್ ಹಿಂಡಬಹುದು ಮಾರಾಯ್ರೆ, ಓಡುವ ಅಗತ್ಯ ಏನಿತ್ತು? ಮುಖ್ಯ ಅತಿಥಿಗಳು ಎಸಿ ಕಾರಿನಿಂದ ಇಳಿದು, ಬೆಳಿಗ್ಗೆ ಬೇಗ ಏಳುವುದರಿಂದ ಆಗುವ ಲಾಭಗಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ಓಡಿದರು ಕೂಡ, ಕ್ಯಾಮೆರಾ ಇರುವಷ್ಟು ದೂರ. ಮಕ್ಕಳು ಮಾತ್ರ ಬೊಂಡದ (ಎಳನೀರಿನ) ಗಾಡಿಯ ನೆರಳಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಕೂತಿದ್ದರು. ಎದೆ ಮೇಲೆ ನಂಬರ್, ತಲೆ ಮೇಲೆ ಸರ್ಟಿಫಿಕೇಟ್.

ಓಟ ಶುರುವಾದದ್ದು ಸುಲ್ತಾನ್ ಬತ್ತೇರಿಯಿಂದ. ಶತ್ರುಗಳ ಹಡಗು ಹೊಳೆಗೆ ನುಗ್ಗಬಾರದು ಅಂತ 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು ಅದು. ಈಗ ಅಲ್ಲಿಗೆ ನುಗ್ಗುವವರು ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳು. ಉದ್ದ ಗೌನು, ಹೊಗೆ ಬಾಂಬು, ನೇತಾಡುವ ಡ್ರೋನು. ಇಷ್ಟು ಸಾಮಗ್ರಿ ಟಿಪ್ಪುವಿನ ಹತ್ತಿರ ಇದ್ದಿದ್ದರೆ ಕತೆಯೇ ಬೇರೆ ಇರುತ್ತಿತ್ತು. ಇರಲಿ, ಓಟಕ್ಕೆ ಬರೋಣ.

ಬಂದರು ರಸ್ತೆಯಲ್ಲಿ ಮೀನಿನ ಲಾರಿ ಸುರಿಸಿಹೋದ ಐಸ್ ನೀರಿನ ಮೇಲೆ ಬಿಳಿ ಶೂಗಳೆಲ್ಲ ಜಾರಿದವು. ‘ಸ್ವಚ್ಛತೆಗಾಗಿ ಓಟ’ ಅಂತಲೂ ಬೆನ್ನ ಮೇಲೆ ಇತ್ತಲ್ವಾ? ಅದರ ಗುರುತಾಗಿ ದಾರಿಯುದ್ದಕ್ಕೂ ನೀರಿನ ಬಾಟಲಿಗಳನ್ನು ಬಿಟ್ಟುಹೋದರು. ಸ್ಮಾರ್ಟ್ ಸಿಟಿ ಅಂತ 2016ರಲ್ಲೇ ಹೆಸರು ಬಂದಿದೆ, ಬಾಟಲಿ ತಾನಾಗಿಯೇ ಡಬ್ಬಿಗೆ ಹೋಗಿ ಬೀಳುತ್ತದೆ ಅಂದುಕೊಂಡಿರಬೇಕು.

ಈ ದಕ್ಕೆಯಲ್ಲಿ ಓಟ ಹೊಸದೇನೂ ಅಲ್ಲ. ಕತ್ತಲೆ ಹರಿಯುವ ಮೊದಲೇ ಬೂತಾಯಿ, ಬಂಗುಡೆ ತುಂಬಿದ ಬುಟ್ಟಿ ಹೊತ್ತು ಬೋಟಿನಿಂದ ಲಾರಿಗೆ ಓಡುವವರಿದ್ದಾರೆ. ಭುಜದಿಂದ ಉಪ್ಪುನೀರು ಇಳಿಯುತ್ತಿರುತ್ತದೆ. ಮೊನ್ನೆ ಅವರಿಗೆ ಸಿಕ್ಕಿದ್ದು ಪದಕವಲ್ಲ, ‘ಸ್ವಲ್ಪ ಆಚೆ ಹೋಗಿ, ಫ್ರೇಮಿಗೆ ಬರ್ತೀರಿ’ ಎಂಬ ಗದರಿಕೆ.

ಇದು ಮಾತ್ರ ತಮಾಷೆಯಲ್ಲ. ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನ ಹೂಳು ತೆಗೆಯಿರಿ ಅಂತ ಮೀನುಗಾರರು ಕೇಳಿ ಕೇಳಿ ಸುಸ್ತಾಗಿದ್ದಾರೆ. ಜಾಗ ಇಲ್ಲದೆ ಬೋಟಿಗೆ ಬೋಟು ಕಟ್ಟಿ ನಿಲ್ಲಿಸುತ್ತಾರೆ. ಮೂರನೇ ಹಂತದ ಜೆಟ್ಟಿ ಕೆಲಸ ವರ್ಷಗಟ್ಟಲೆ ಕುಂಟಿತು. ಆಗ ಯಾರೂ ಓಡಿಬರಲಿಲ್ಲ. ಒಂದು ಟೀ ಶರ್ಟ್ ಹಂಚುವುದಕ್ಕೆ ರಸ್ತೆ ಬಂದ್ ಮಾಡುತ್ತೀರಿ, ಐಸ್ ಕರಗಿ ಮೀನು ಹಾಳಾದರೆ ಯಾರಪ್ಪನ ದುಡ್ಡು?

ಮುಂದಿನ ಓಟ ಮೀನುಗಾರರ ಹಿತಕ್ಕಾಗಿಯಂತೆ. ನೋಂದಣಿ ಶುಲ್ಕ ಮೊದಲೇ ಕಟ್ಟಬೇಕು.