‘ಆಗ್ತೈತ್ರಿ’ ಅಂದ್ರ ಯಾವ ತಾರೀಖು?

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯ, ಅಂದರೆ ಎರಕದ ಕಾರ್ಖಾನೆಯ, ಮೀಟಿಂಗ್ ರೂಮು. ಪರದೆಯ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್ ಕಡೆಯ ಖರೀದಿ ವಿಭಾಗದವರು. ಐದು ಸ್ಯಾಂಪಲ್ ಪೀಸು 20ನೇ ತಾರೀಖಿಗೆ ಆಗುತ್ತವೆಯೇ ಎಂದು ಅವರ ಪ್ರಶ್ನೆ. ಈ ಕಡೆಯಿಂದ ‘ಯೆಸ್, ಯೆಸ್’. ಮನಸ್ಸಿನಲ್ಲಿ ಇದ್ದದ್ದು ‘ಆಗ್ತೈತ್ರಿ’. ಆ ‘ಯೆಸ್’ ಅಲ್ಲಿಯವರ ಪಟ್ಟಿಯಲ್ಲಿ ಆಗಲೇ 20ರ ಮುಂದೆ ಬರೆದಾಯಿತು. ಇಲ್ಲಿ ಇನ್ನೂ ಎರಕದ ಅಚ್ಚು ತೆಗೆಯುವ ಮಾದರಿ, ಪ್ಯಾಟರ್ನ್, ಬಂದಿಲ್ಲ.

ನಮ್ಮ ಕಡೆಯವರಿಗೆ ಇದರಲ್ಲಿ ಸುಳ್ಳೇನೂ ಕಾಣುವುದಿಲ್ಲ, ಏಕೆಂದರೆ ನಮ್ಮ ಕಿವಿಗೆ ‘ಆಗ್ತೈತ್ರಿ’ ಒಂದೇ ಮಾತಲ್ಲ. ಥಟ್ಟನೆ ‘ಆಗ್ತೈತ್ರಿ’ ಎಂದರೆ ಕೆಲಸ ಆದಂತೆಯೇ. ‘ಆಗ್ತೈತ್ ಬಿಡ್ರಿ’ ಎಂದರೆ ಈಗ ಅದನ್ನು ಕೆದಕಬೇಡಿ. ‘ಆಗಬೇಕ್ರಿ’ ಎಂದರೆ ಅದು ನನ್ನ ಕೈಯಲ್ಲಿಲ್ಲ, ಮತ್ತೊಬ್ಬರ ಮೇಲೆ ನಿಂತಿದೆ. ‘ನೋಡೂಣ್ರಿ’ ಬಂತೆಂದರೆ ಆಸೆ ಬಿಡುವುದು ಒಳ್ಳೆಯದು. ‘ಮಾಡೂಣ್ರಿ’ ಅಂತೂ ಎಲ್ಲಕ್ಕಿಂತ ಜಾಣ ಮಾತು: ಒಲ್ಲೆ ಅನ್ನಲಿಲ್ಲ, ಆದರೆ ಮಾಡುವವರು ಯಾರೆಂದೂ ಹೇಳಲಿಲ್ಲ. ಇವೆಲ್ಲ ಇಂಗ್ಲಿಷಿಗೆ ಹೋದಾಗ ರಾಗ ಕಳೆದುಕೊಂಡು ‘ಯೆಸ್’ ಅಥವಾ ‘ವಿ ವಿಲ್ ಡೂ’ ಆಗಿಬಿಡುತ್ತವೆ. ಜರ್ಮನಿಯ ಮೀಟಿಂಗುಗಳಲ್ಲಿ ಕೊನೆಗೆ ಕೇಳುವ ಮಾತು ಒಂದೇ: ವೆರ್ ಮಾಖ್ಟ್ ವಾಸ್ ಬಿಸ್ ವಾನ್. ಯಾರು, ಏನು, ಯಾವತ್ತಿನೊಳಗೆ. ‘ಮಾಡೂಣ್ರಿ’ಯಲ್ಲಿ ಈ ಮೂರರ ಪೈಕಿ ಒಂದೂ ಇಲ್ಲ.

ಕಂಪನಿಗಳು ಇದಕ್ಕೆ ಮದ್ದು ಎಂದು ಅರ್ಧ ದಿನದ ತರಬೇತಿ ಇಡುತ್ತವೆ. ಅಲ್ಲಿಯವರಿಗೆ ತಾಜಮಹಲಿನ ಚಿತ್ರ, ಭಾರತೀಯರು ತಲೆ ಅಲ್ಲಾಡಿಸುವ ಬಗೆ, ಎಡಗೈಯಲ್ಲಿ ಕೊಡಬೇಡಿ ಎಂಬ ಉಪದೇಶ. ಇಲ್ಲಿಯವರಿಗೆ ಜರ್ಮನರು ಸಮಯಪಾಲಕರು ಎಂಬ ಸ್ಲೈಡು. ಹಾಫ್‌ಸ್ಟೆಡ್ ಎಂಬ ಡಚ್ ವಿದ್ವಾಂಸರು ಐಬಿಎಂ ನೌಕರರ ಉತ್ತರಗಳಿಂದ ತೆಗೆದ ದೇಶವಾರು ಅಂಕಿಗಳ ಕಂಬಚಿತ್ರವೂ ಒಂದಿರುತ್ತದೆ. ಆ ಅಂಕಿಗಳು ದೇಶದ ಸರಾಸರಿ, ಒಬ್ಬೊಬ್ಬ ಮನುಷ್ಯನಿಗೆ ಅಂಟಿಸಬೇಡಿ ಎಂದು ಸ್ವತಃ ಅವರೇ ಎಚ್ಚರಿಸಿದ್ದರು, ಆ ಸ್ಲೈಡು ಮಾತ್ರ ಇರುವುದಿಲ್ಲ. ನನ್ನ ಮಟ್ಟಿಗೆ ಈ ಅರ್ಧ ದಿನ ದಂಡ. ಬೆಳಗಾವಿಯ ಸೂಪರ್‌ವೈಸರ್ ಒಬ್ಬ ಮಾಲೀಕರ ಹತ್ತಿರ ಕನ್ನಡ, ಮೋಲ್ಡಿಂಗ್‌ನವನ ಹತ್ತಿರ ಮರಾಠಿ, ಉತ್ತರದಿಂದ ಬಂದ ಹುಡುಗರ ಹತ್ತಿರ ಹಿಂದಿ, ಮೇಲ್‌ನಲ್ಲಿ ಇಂಗ್ಲಿಷು ಎಂದು ದಿನಕ್ಕೆ ಇಪ್ಪತ್ತು ಸಲ ನಾಲಿಗೆ ಹೊರಳಿಸುತ್ತಾನೆ. ಯಾರ ಹತ್ತಿರ ಯಾವ ದನಿ ಎಂಬುದನ್ನು ಅವನಿಗೆ ಕಲಿಸಹೋಗುವುದು ಮೀನಿಗೆ ಈಜು ಹೇಳಿಕೊಟ್ಟಂತೆ. ಬದಲಾಗಬೇಕಾದದ್ದು ಅವನಿಗೆ ಕೇಳುವ ಪ್ರಶ್ನೆ.

‘20ಕ್ಕೆ ಆಗುತ್ತದೆಯೇ?’ ಎಂಬುದು ಕೆಟ್ಟ ಪ್ರಶ್ನೆ. ಅದಕ್ಕೆ ‘ಇಲ್ಲ’ ಎಂದರೆ ಎದುರಿಗಿದ್ದವರ ಮುಖ ಮುರಿದಂತೆ. ಅದರ ಬದಲು ಕೆಲಸದ ಸರಣಿ ಹಿಡಿದು ಕೇಳಬೇಕು: ಪ್ಯಾಟರ್ನ್ ಮತ್ತು ಕೋರ್ ಬಾಕ್ಸ್ (ಪೀಸಿನ ಒಳಗಿನ ಟೊಳ್ಳಿಗೆ ಬೇಕಾದ ಅಚ್ಚು) ಇವತ್ತು ಎಲ್ಲಿವೆ? ಮೊದಲ ಹೀಟ್, ಅಂದರೆ ಲೋಹ ಕರಗಿಸಿ ಎರೆಯುವುದು, ಯಾವ ದಿನ? ಫೆಟ್ಲಿಂಗ್ (ಎರಕದ ಅಂಚು ಉಜ್ಜಿ ನಯ ಮಾಡುವುದು) ಆದಮೇಲೆ ಹೀಟ್ ಟ್ರೀಟ್‌ಮೆಂಟ್ ನಿಮ್ಮಲ್ಲೋ, ಹೊರಗೋ? ಮಷೀನಿಂಗ್ ಯಾವ ಮಷೀನ್ ಮೇಲೆ, ಆ ವಾರ ಆ ಮಷೀನ್ ಮೇಲೆ ಮತ್ತಾರ ಮಾಲಿದೆ? ಅಳತೆಯ ರಿಪೋರ್ಟ್ ಯಾರು ತೆಗೆಯುತ್ತಾರೆ? ಇವುಗಳಲ್ಲಿ ಯಾವುದಕ್ಕೂ ‘ಇಲ್ಲ’ ಎನ್ನುವ ಮುಜುಗರ ಇಲ್ಲ. ‘ಪ್ಯಾಟರ್ನ್ ಇನ್ನೂ ಬಡಿಗ್ಯಾರ ಕಡೆ ಐತ್ರಿ’ ಎಂದು ಸರಾಗವಾಗಿ ಬರುತ್ತದೆ, 20 ಆಗದು ಎಂಬುದು ಯಾರೂ ಹೇಳದೆಯೇ ಇಬ್ಬರಿಗೂ ತಿಳಿಯುತ್ತದೆ. ಕೊನೆಗೆ, ಒಪ್ಪಿಕೊಂಡದ್ದನ್ನು ಒಪ್ಪಿಕೊಂಡವರೇ ತಿರುಗಿ ಹೇಳಬೇಕು, ಪ್ರಶ್ನೆ ಕೇಳಿದವರಲ್ಲ. ‘ಅರ್ಥ ಆಯಿತೇ?’ ಎಂದು ಕೇಳಿದರೆ ಉತ್ತರ ಪ್ರಪಂಚದ ಎಲ್ಲ ಕಡೆ ‘ಆಯಿತು’.

ಮೌನದ ವಿಚಾರವೂ ಇದರ ಹತ್ತಿರದ ಸಂಬಂಧಿ. ಮಾಲೀಕರು ಕೂತ ಮೀಟಿಂಗಿನಲ್ಲಿ ಪ್ರೊಡಕ್ಷನ್ ಇಂಜಿನಿಯರ್ ಬಾಯಿ ತೆಗೆಯುವುದಿಲ್ಲ. ‘ಸಾಹೇಬ್ರ ಮಾತಾಡಾಕತ್ತಾರ, ನಡುವ ನಾ ಏನ್ ಬಾಯಿ ಹಾಕಲಿ’ ಎಂಬ ಮರ್ಯಾದೆ ಅದು. ಜರ್ಮನ್ ಕಡೆಯವರು ಅದನ್ನು ಒಪ್ಪಿಗೆ ಎಂದೇ ಬರೆದುಕೊಳ್ಳುತ್ತಾರೆ, ಯಾಕೆಂದರೆ ಅವರಲ್ಲಿ ಒಪ್ಪದವನು ಬಾಸ್ ಎದುರಿಗೇ ಒಪ್ಪುವುದಿಲ್ಲ ಅನ್ನಬೇಕು, ಇಲ್ಲದಿದ್ದರೆ ಅವನು ಕೆಲಸಗೇಡಿ. ಇದಕ್ಕೆ ಸುಲಭ ದಾರಿ ಎರಡು. ಪ್ರಶ್ನೆಗಳನ್ನು ಒಂದು ದಿನ ಮುಂಚೆ ಬರೆದು ಕಳಿಸಿ. ಇಲ್ಲಿ ಕಾರ್ಖಾನೆಯೊಳಗೆ ಕನ್ನಡ-ಮರಾಠಿಯಲ್ಲಿ ಚರ್ಚೆ ಆಗಿ, ಉತ್ತರ ಮಾಲೀಕರ ಬಾಯಿಂದಲೇ ಬರುತ್ತದೆ. ಮೀಟಿಂಗ್ ಮುಗಿದ ಮೇಲೆ ಹತ್ತು ನಿಮಿಷ ಆ ಇಂಜಿನಿಯರ್‌ಗೆ ನೇರ ಫೋನ್ ಮಾಡಿ, ಆದರೆ ಮಾಲೀಕರಿಗೆ ಮೊದಲು ಹೇಳಿಯೇ ಮಾಡಿ. ಹೇಳದೆ ಮಾಡಿದರೆ ಆ ಹುಡುಗನಿಗೆ ಸಂಜೆ ಪೂಜೆ ಆಗುತ್ತದೆ.

ಇನ್ನು ಎರಡೂ ಕಡೆಯವರು ಒಬ್ಬರನ್ನೊಬ್ಬರು ಅತಿ ಕೆಟ್ಟದಾಗಿ ತಪ್ಪು ತಿಳಿಯುವ ಜಾಗ: ದೂರು ಬಂದಾಗ ಬರೆಯುವ 8ಡಿ ರಿಪೋರ್ಟು. ವಾಹನ ಉದ್ಯಮದಲ್ಲಿ ಕೆಲಸ ಮಾಡುವ ಎಲ್ಲರಿಗೂ ಪರಿಚಯದ್ದೇ. ಡಿ1ರಲ್ಲಿ ತಂಡ, ಡಿ2ರಲ್ಲಿ ದೋಷದ ವಿವರ, ಡಿ3ರಲ್ಲಿ ತಕ್ಷಣದ ತಡೆ, ಡಿ4ರಲ್ಲಿ ಮೂಲ ಕಾರಣ, ಡಿ5ರಲ್ಲಿ ಅದಕ್ಕೆ ಪರಿಹಾರ, ಹೀಗೆ ಎಂಟು ಹಂತ. ನಮ್ಮ ಕಡೆಯಿಂದ ಹೋಗುವ ಮೊದಲ ರಿಪೋರ್ಟಿನ ಡಿ4ರಲ್ಲಿ ‘ಆಪರೇಟರ್ ನಿರ್ಲಕ್ಷ್ಯ’, ಡಿ5ರಲ್ಲಿ ‘ಆಪರೇಟರ್‌ಗೆ ತಾಕೀತು ಮಾಡಲಾಗಿದೆ, ತರಬೇತಿ ಕೊಡಲಾಗಿದೆ’. ನಮ್ಮ ಲೆಕ್ಕದಲ್ಲಿ ಇದು ತಲೆ ಬಾಗಿಸಿ ತಪ್ಪು ಒಪ್ಪಿಕೊಂಡ ಪತ್ರ, ದೊಡ್ಡವರು ಇಲ್ಲಿಗೆ ಸಾಕು ಮಾಡಬೇಕು. ಅವರ ಲೆಕ್ಕದಲ್ಲಿ ಕಾರಣವನ್ನೇ ಹುಡುಕದ ಪತ್ರ. ವಾಪಸ್ ಬರುತ್ತದೆ. ನಮ್ಮವರಿಗೆ ಅವಮಾನ ಅನಿಸುತ್ತದೆ, ಇನ್ನೂ ಹೆಚ್ಚು ಕ್ಷಮೆಯ ಮಾತು ಸೇರಿಸಿ ಕಳಿಸುತ್ತಾರೆ. ಮತ್ತೆ ವಾಪಸ್.

ಅವರಿಗೆ ಬೇಕಾದದ್ದು ಹೀಗೆ: ಬೋರ್ (ಕೊರೆದ ತೂತಿನ ವ್ಯಾಸ) 25.08 ಬಂದಿದೆ, ಮಿತಿ 25.05. ಯಾಕೆ? ಇನ್ಸರ್ಟ್ (ಲೋಹ ಕತ್ತರಿಸುವ ಮೊನೆ) ಸವೆದಂತೆಲ್ಲ ಕೂಡಿಸಿದ ಆಫ್‌ಸೆಟ್ (ಮಷೀನ್‌ಗೆ ಕೊಡುವ ಅಳತೆಯ ತಿದ್ದುಪಡಿ) ಹೊಸದು ಹಾಕಿದಾಗ ತೆಗೆಯಲಿಲ್ಲ. ಯಾಕೆ? ಹೊಸ ಇನ್ಸರ್ಟ್ ಹಾಕಿದಾಗ ಆಫ್‌ಸೆಟ್ ಮತ್ತೆ ಹೊಂದಿಸಬೇಕೆಂದು ಕೆಲಸದ ಕಾರ್ಡ್‌ನಲ್ಲಿ ಬರೆದಿರಲಿಲ್ಲ. ದೋಷ ಹೊರಗೆ ಹೋಗುವ ಮುನ್ನ ಯಾಕೆ ಸಿಗಲಿಲ್ಲ? ಪಾಳಿಯ ಮೊದಲ ಪೀಸನ್ನಷ್ಟೇ ಅಳೆಯುತ್ತಿದ್ದರು. ಇಲ್ಲಿ ಆಪರೇಟರನ ಹೆಸರೇ ಬೇಡ. ಹೊಸ ಕಾರ್ಡ್, ಅಳತೆಯ ಹೊಸ ಸರದಿ, ಎರಡರ ಫೋಟೋ ಸಾಕು. ತಪ್ಪನ್ನು ಹೀಗೆ ಬಿಚ್ಚಿಟ್ಟರೆ ಆರ್ಡರ್ ಹೋಗುತ್ತದೆ ಎಂಬ ಭಯ ನಮ್ಮಲ್ಲಿದೆ. ಖರೀದಿಯವರ ಕಡೆ ಕೂತು ನೋಡಿದರೆ ಮೂರು ಸಲ ವಾಪಸಾದ ರಿಪೋರ್ಟೇ ಹೆಚ್ಚು ಆರ್ಡರ್ ತಿನ್ನುತ್ತದೆ. ಜರ್ಮನರೂ ಒಂದು ಕಲಿಯಬೇಕು. ‘ದಾಸ್ ಇಸ್ಟ್ ಫಾಲ್ಷ್’, ಇದು ತಪ್ಪು, ಎಂದು ಅವರು ಪೀಸಿಗೆ ಹೇಳುತ್ತಾರೆ, ಇಲ್ಲಿ ಕೂತ ಹಿರಿಯರ ಕಿವಿಗೆ ಅದು ‘ನೀನು ತಪ್ಪು’ ಎಂದು ಬೀಳುತ್ತದೆ. ‘ತಪ್ಪು’ ಎಂಬ ಮಾತನ್ನೇ ಬಿಟ್ಟು 25.08 ಎಂದರೆ ಯಾರಿಗೂ ನೋವಿಲ್ಲ.

ಹೊಗಳಿಕೆಗೂ ಇದೇ ಗತಿ. ಸ್ಟುಟ್‌ಗಾರ್ಟ್ ಸೀಮೆಯ ಸ್ವಾಬಿಯನ್ನರಲ್ಲಿ ಬೈಯದಿದ್ದರೆ ಹೊಗಳಿದಂತೆಯೇ ಎಂಬ ಅರ್ಥದ ಗಾದೆಯೇ ಇದೆ. ಆರು ತಿಂಗಳು ಒಂದೂ ದೂರಿಲ್ಲದೆ ಮಾಲು ಕಳಿಸಿ ‘ಭೇಷ್’ಗಾಗಿ ಕಾದವರಿಗೆ ಬರುವುದು ಮುಂದಿನ ಆರ್ಡರ್ ಮಾತ್ರ.

ಕಾಗದದ ಮೇಲಿನ ಜಗಳಗಳು ಬೇರೆ. ಜರ್ಮನಿಯಲ್ಲಿ ಬಿಂದು ಸಾವಿರಕ್ಕೆ, ಅಲ್ಪವಿರಾಮ ದಶಾಂಶಕ್ಕೆ: 1.500 ಪೀಸು ಎಂದರೆ ಒಂದೂವರೆ ಸಾವಿರ, 1,250 ಕಿಲೊ ಎಂದರೆ ಒಂದೂಕಾಲು ಕಿಲೊ. ತಾರೀಖನ್ನು 2025-04-03 ಎಂದು ವರ್ಷ ಮುಂದಿಟ್ಟು ಬರೆದರೆ, ಅಮೆರಿಕದವರು ನಡುವೆ ಬಂದರೂ ಗೊಂದಲವಿಲ್ಲ. ‘36ನೇ ವಾರ’ ಎಂದು ಬರೆದಿದ್ದರೆ ಸಾಮಾನ್ಯವಾಗಿ ಅವರ ಗೇಟಿಗೆ ಮಾಲು ಮುಟ್ಟುವ ವಾರ, ನಾವು ಲಾರಿ ಹತ್ತಿಸುವ ವಾರವಲ್ಲ. ಆರ್ಡರಿನಲ್ಲಿ ಯಾವ ಶರತ್ತು ಬರೆದಿದೆ ಎಂದು ಮೊದಲು ನೋಡಿ.

ಡ್ರಾಯಿಂಗಿನಲ್ಲಿ ನಮಗೂ ಜರ್ಮನರಿಗೂ ಜಗಳವಿಲ್ಲ, ಇಬ್ಬರದ್ದೂ ಫಸ್ಟ್ ಆ್ಯಂಗಲ್: ಮೇಲಿನಿಂದ ಕಂಡ ನೋಟವನ್ನು ಮುಂಭಾಗದ ಕೆಳಗೆ ಬರೆಯುತ್ತೇವೆ. ಅವರು ತಮ್ಮ ಅಮೆರಿಕದ ಅಥವಾ ಜಪಾನಿನ ಗಿರಾಕಿಯ ಡ್ರಾಯಿಂಗನ್ನು ಹಾಗೆಯೇ ದಾಟಿಸಿದಾಗ ಗಂಡಾಂತರ. ಅದು ಥರ್ಡ್ ಆ್ಯಂಗಲ್, ಮೇಲಿನ ನೋಟ ಮೇಲೆಯೇ, ಬಲದ ನೋಟ ಬಲಕ್ಕೇ. ಮೂಲೆಯಲ್ಲಿನ ತುದಿ ಕತ್ತರಿಸಿದ ಶಂಕುವಿನ ಗುರುತು ನೋಡದೆ ಮಷೀನ್‌ಗೆ ಹಾಕಿದರೆ ಒಂದು ಬದಿಗೆ ತೂತಿರುವ ಬ್ರ್ಯಾಕೆಟ್ಟು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲವಾಗಿ ಹುಟ್ಟುತ್ತದೆ. ಗುಂಡಗಿನ ಪೀಸಿನಲ್ಲಿ ವ್ಯತ್ಯಾಸವೇ ಕಾಣದು, ಹಾಗಾಗಿ ಗುರುತು ನೋಡುವ ರೂಢಿಯೇ ತಪ್ಪುತ್ತದೆ, ಅದೇ ಹೆಚ್ಚು ಅಪಾಯ.

ಗಡಿಯಾರ: ಅವರ ಬೆಳಗಿನ 9 ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನ 12.30. ಅಕ್ಟೋಬರಿನ ಕೊನೆಯ ಭಾನುವಾರ ಅವರು ಗಡಿಯಾರ ಹಿಂದಿಟ್ಟರೆ ಸೋಮವಾರದಿಂದ ಅದೇ ಮೀಟಿಂಗು 1.30ಕ್ಕೆ, ಸರಿಯಾಗಿ ರೊಟ್ಟಿ ಬಿಚ್ಚುವ ಹೊತ್ತಿಗೆ. ಚಳಿಗಾಲಕ್ಕೆ ಅವರು 8ಕ್ಕೆ ಕೂರಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ, ಅಲ್ಲಿ ಬೇಗ ಕೆಲಸಕ್ಕೆ ಬರುವವರೇ ಹೆಚ್ಚು. ರಾತ್ರಿ ಫೋನ್ ಮಾತ್ರ ಬೇಡ: ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 11 ಗಂಟೆ ಬಿಡುವು ಎಂಬುದು ಅಲ್ಲಿನ ಕಾಯ್ದೆ. ರಜೆಗಳ ಪಟ್ಟಿಯನ್ನು ಜನವರಿಯಲ್ಲೇ ಅದಲುಬದಲು ಮಾಡಿಕೊಳ್ಳಿ. ನವೆಂಬರ್ 1 ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬೆರ್ಗ್‌ನಲ್ಲೂ ರಜೆ, ಬೆಳಗಾವಿಯಲ್ಲೂ ರಜೆ. ಅವರು ಆ ಹೊತ್ತಿಗೆ ತೀರಿಹೋದವರ ಗೋರಿಯ ಮೇಲೆ ದೀಪ ಇಡುತ್ತಾರೆ, ಇಲ್ಲಿ ರಾಜ್ಯೋತ್ಸವದ ಮೆರವಣಿಗೆ, ಡಿಜೆ. ಖಂಡೇ ಪೂಜೆಯ (ಆಯುಧ ಪೂಜೆಯ) ದಿನ ಮಷೀನ್‌ಗೆ ಹೂವು ಏರಿದ ಮೇಲೆ ಅದನ್ನು ಯಾರೂ ಓಡಿಸುವುದಿಲ್ಲ ಎಂಬುದನ್ನು ಮುಂಚೆಯೇ ಬರೆದು ತಿಳಿಸಿ, ಆ ದಿನ ಬೆಳಿಗ್ಗೆ ಅಲ್ಲ.

ಅಲ್ಲಿಂದ ಇಂಜಿನಿಯರ್ ಬಂದರೆ ಮೊದಲು ಕಾರ್ಖಾನೆಯೊಳಗೆ ಕರೆದೊಯ್ಯಿರಿ, ಹಾರ ಶಾಲು ಆಮೇಲೆ. ಊಟಕ್ಕೆ ಕೂತಾಗ ‘ಇನ್ನೊಂದ್ ಸ್ವಲ್ಪ ಹಾಕಸ್ಕೋರಿ’ ಎಂದು ಮೂರು ಸಲ ಒತ್ತಾಯಿಸಬೇಡಿ. ಅವರ ಮೊದಲನೇ ‘ಬೇಡ’ವೇ ಕೊನೆಯ ಮಾತು, ನಾಲ್ಕನೇ ಹೋಳಿಗೆ ತಟ್ಟೆಗೆ ಬಿದ್ದರೆ ಅವರು ಅದನ್ನು ಬಿಡಲೂ ಆರರು, ತಿನ್ನಲೂ ಆರರು. ನೀವು ಅಲ್ಲಿಗೆ ಹೋದಾಗ ಇದು ತಿರುವುಮುರುವು. ‘ಬ್ಯಾಡ್ರಿ, ಈಗಷ್ಟ ಆಗೇತಿ’ ಎಂದು ನಮ್ಮ ರೂಢಿಯಂತೆ ಒಂದು ಸಲ ಅಂದಿರೋ, ತಟ್ಟೆ ಮುಂದಿನವರಿಗೆ ಹೋಗಿರುತ್ತದೆ. ಹಸಿವಿದ್ದರೆ ಮೊದಲನೇ ಸಲವೇ ಹೂಂ ಅನ್ನಿ.