ಇಲ್ಲದ ದ್ವೀಪ ಇದೆ, ಇರುವ ಬಂಡೆ ಇಲ್ಲ

ನಾವಿಕ ನಕ್ಷೆಯಲ್ಲಿ ಒಮ್ಮೆ ಜಾಗ ಸಿಕ್ಕಿತೆಂದರೆ ಮುಗಿಯಿತು, ಪಿಂಚಣಿ ಸಮೇತ ಕಾಯಂ ನೌಕರಿ. ನಿಜಕ್ಕೂ ಇರಲೇಬೇಕೆಂಬ ಕಡ್ಡಾಯವೂ ಇಲ್ಲ.

ಆಸ್ಟ್ರೇಲಿಯಾಕ್ಕೂ ನ್ಯೂ ಕ್ಯಾಲೆಡೋನಿಯಾಕ್ಕೂ ನಡುವಿನ ಸ್ಯಾಂಡಿ ದ್ವೀಪವನ್ನೇ ನೋಡಿ. 1876ರಲ್ಲಿ ವೆಲಾಸಿಟಿ ಎಂಬ ತಿಮಿಂಗಿಲ ಬೇಟೆಯ ಹಡಗು ಅದನ್ನು ಕಂಡೆನೆಂದಿತು. 1908ರ ಬ್ರಿಟಿಷ್ ಅಡ್ಮಿರಾಲ್ಟಿ ನಕ್ಷೆಗೆ ಅದು ಏರಿತು. ಆ ನಕ್ಷೆ ನೋಡಿ ಈ ನಕ್ಷೆ, ಈ ನಕ್ಷೆ ನೋಡಿ ಕಂಪ್ಯೂಟರ್. ಕೊನೆಗೆ ಗೂಗಲ್ ಭೂಪಟದಲ್ಲೂ ಕಪ್ಪು ಮಚ್ಚೆಯಾಗಿ ಕೂತಿತು. 2012ರ ನವೆಂಬರ್‌ನಲ್ಲಿ ಸದರ್ನ್ ಸರ್ವೇಯರ್ ಎಂಬ ಸಂಶೋಧನಾ ನೌಕೆ ಹುಡುಕಿಕೊಂಡು ಹೋದರೆ ಅಲ್ಲಿ ಬರೀ ನೀರು, 1,300 ಮೀಟರಿಗೂ ಹೆಚ್ಚು ಆಳ. ಅಷ್ಟು ಕಾಲ ಬಯಲಾಗದ್ದೇಕೆ ಎನ್ನಬೇಡಿ. ನಕ್ಷೆಯಲ್ಲಿ ದ್ವೀಪವಿದೆಯೆಂದರೆ ಹಡಗಿನವರು ಸುತ್ತು ಹಾಕಿ ಹೋಗುತ್ತಾರೆ. ಸುತ್ತು ಹಾಕಿ ಹೋದವರು ಅದಿಲ್ಲವೆಂದು ಸಾಕ್ಷಿ ಹೇಳುವುದು ಹೇಗೆ?

ಇಂಥವಕ್ಕೆ ನಕ್ಷೆಯಲ್ಲೊಂದು ಗುರುತೂ ಉಂಟು: ಇ.ಡಿ. ದಾಳಿಯೆಂದು ಗಾಬರಿ ಬೇಡ, ಇಂಗ್ಲಿಷಿನ 'ಎಕ್ಸಿಸ್ಟೆನ್ಸ್ ಡೌಟ್‌ಫುಲ್', ಅಂದರೆ 'ಇರುವುದೇ ಅನುಮಾನ' ಎಂದರ್ಥ. ಅನುಮಾನವಿದ್ದದ್ದನ್ನು ಅಳಿಸಿ, ನಾಳೆ ಯಾವುದೋ ಹಡಗು ಹೋಗಿ ಗುದ್ದಿದರೆ ಅಳಿಸಿದವನ ತಲೆ ಹೋಗುತ್ತದೆ. ಬಿಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಇಷ್ಟರ ಮಟ್ಟಿಗೆ ನಾನೂ ನಕ್ಷೆ ಮಾಡುವವರ ಪಕ್ಷವೇ.

ಆದರೆ ನಿಜವಾಗಿ ಇರುವ ಬಂಡೆ ನಕ್ಷೆ ಸೇರಲು ಪಡುವ ಪಾಡು! 1992ರ ಆಗಸ್ಟ್ 7ರಂದು ಕ್ವೀನ್ ಎಲಿಜಬೆತ್ 2 ಎಂಬ ಪ್ರಯಾಣಿಕರ ಹಡಗು ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯಲ್ಲಿ ಸಾಗುತ್ತಿತ್ತು. ನಕ್ಷೆಯಲ್ಲಿ ಆಳ 39 ಅಡಿ, ಹಡಗಿಗೆ ಬೇಕಾದದ್ದು 32 ಅಡಿ ಚಿಲ್ಲರೆ. ಲೆಕ್ಕ ಪಾಸಾಯಿತು, ತಳ ಫೇಲಾಯಿತು. ಆ ಜಾಗವನ್ನು ಕೊನೆಯದಾಗಿ ಅಳೆದದ್ದು 1939ರಲ್ಲಿ. 53 ವರ್ಷ ಅರ್ಜಿ ಹಿಡಿದು ಕಾದ ಬಂಡೆಯ ಸ್ಥಳ ಪರಿಶೀಲನೆಗೆ ಕಡೆಗೂ ಬಂದದ್ದು ಐಷಾರಾಮಿ ಹಡಗಿನ ಹೊಟ್ಟೆ.

ಹಿಂದಿನವರ ಅಳತೆ ಹೇಗಿತ್ತೆಂದರೆ, ಸೀಸದ ಗುಂಡಿನ ಅಡಿಯ ಕುಳಿಗೆ ಕೊಬ್ಬು ಮೆತ್ತಿ ಹಗ್ಗ ಇಳಿಬಿಡುವುದು, ಮಾರು ಎಣಿಸುವುದು. ಮೇಲೆಳೆದಾಗ ಕೊಬ್ಬಿಗೆ ಮರಳು ಅಂಟಿದ್ದರೆ ತಳ ಮರಳು. ಏನೂ ಅಂಟದಿದ್ದರೆ ಬಹುಶಃ ಕಲ್ಲು. ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಆನೆ ಮಲಗಿದ್ದರೂ ನಕ್ಷೆಗೆ ಸುಳಿವಿಲ್ಲ. ಈಗ ಶಬ್ದದ ಅಲೆ ಬಿಟ್ಟು ಆಳ ನೋಡುವ ಮಲ್ಟಿಬೀಮ್ ಸೋನಾರ್ ಬಂದಿದೆ, ತಳವನ್ನು ಚಾಪೆ ಹಾಸಿದಂತೆ ಗುಡಿಸಿ ಅಳೆಯುತ್ತದೆ. ಅಳೆಯಬಲ್ಲದು, ಅಷ್ಟೆ. ಜಗತ್ತಿನ ಸಮುದ್ರತಳದಲ್ಲಿ ಹಾಗೆ ಅಳೆದಾಗಿರುವುದು ಕಾಲು ಭಾಗಕ್ಕಿಂತ ತುಸು ಹೆಚ್ಚು. ಮಂಗಳ ಗ್ರಹದ ನೆಲ ನಮಗೆ ಇದಕ್ಕಿಂತ ಚೆನ್ನಾಗಿ ಗೊತ್ತು; ಅಲ್ಲಿ ಹಡಗು ಓಡುವುದಿಲ್ಲ ಎಂಬುದೊಂದೇ ಕೊರತೆ.

ಹೀಗಾಗಿ ಬಂಡೆ ಪತ್ತೆಗೆ ಹಡಗನ್ನೇ ಬಲಿ ಕೊಡುವ ಪದ್ಧತಿ ಹಳೆಯದು. ಪೆಸಿಫಿಕ್‌ನ ಮಿನರ್ವಾ ದಿಬ್ಬಗಳಿಗೆ 1829ರಲ್ಲಿ ಅಲ್ಲೇ ಒಡೆದ ಮಿನರ್ವಾ ಹಡಗಿನ ಹೆಸರು. ಕೊಂದವನಿಗೆ ಸತ್ತವನ ನಾಮಕರಣ.

ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ಹೋಟೆಲಿಗೆ ಕೊಟ್ಟಂತೆ ಸಮುದ್ರಕ್ಕೂ ನಕ್ಷತ್ರಗಳಿವೆ. ಆರಿದ್ದರೆ ಸರ್ವೆ ಉತ್ತಮ, ಎರಡಿದ್ದರೆ ದೇವರೇ ಗತಿ.

2013ರ ಜನವರಿ 17ರಂದು ಅಮೆರಿಕದ ಯುಎಸ್‌ಎಸ್ ಗಾರ್ಡಿಯನ್ ಫಿಲಿಪ್ಪೀನ್ಸ್‌ನ ಟುಬ್ಬತಾಹ ಹವಳ ದಿಬ್ಬವನ್ನು ಹತ್ತಿ ಕೂತಿತು. ಆ ಹಡಗಿನ ಕಸುಬೇ ನೀರಡಿಯ ಸಿಡಿಗುಂಡು ಹುಡುಕುವುದು! ದಿಬ್ಬವೋ, ಅಡಗಿ ಕೂತದ್ದೇನಲ್ಲ. 1993ರಿಂದ ವಿಶ್ವ ಪರಂಪರೆಯ ತಾಣ, ಮೇಲೊಂದು ದೀಪಸ್ತಂಭ ಬೇರೆ. ಹಡಗಿನಲ್ಲಿದ್ದ ಒಂದು ಡಿಜಿಟಲ್ ನಕ್ಷೆಯಲ್ಲಿ ಅದು ಸುಮಾರು ಎಂಟು ನಾಟಿಕಲ್ ಮೈಲಿ ಆಚೆಗಿತ್ತು, ಇನ್ನೊಂದರಲ್ಲಿ ಸರಿಯಾದ ಜಾಗದಲ್ಲೇ ಇತ್ತು. ನಂಬಿದ್ದು ಮೊದಲನೆಯದನ್ನು. ಹಡಗನ್ನು ತುಂಡು ತುಂಡಾಗಿ ಕೊಯ್ದು ಎತ್ತಬೇಕಾಯಿತು, ಫಿಲಿಪ್ಪೀನ್ಸ್‌ಗೆ 8.7 ಕೋಟಿ ಪೆಸೊ ಪರಿಹಾರ ತೆರಬೇಕಾಯಿತು. ಆಮೇಲೆ ಡಿಜಿಟಲ್ ನಕ್ಷೆಯ ದಿಬ್ಬವನ್ನು ಎಂಟು ಮೈಲಿ ಎಳೆದು ತಂದು ಅದರ ಮನೆಗೆ ಬಿಟ್ಟರು.